ಬಾಯಿ ಕ್ಯಾನ್ಸರ್‌ಗೆ ಪೆಪ್ಟೈಡ್ ಔಷಧ: ಪದೇ ಪದೇ ಕೇಳುವ ಪ್ರಶ್ನೆಗಳು

ಸೂಕ್ಷ್ಮಾಣುಗಳನ್ನು ಕೊಲ್ಲುವ ಪೆಪ್ಟೈಡ್ ಎಂಬ ಅಣುಗಳನ್ನು ಬಾಯಿ ಕ್ಯಾನ್ಸರಿಗೂ ಔಷಧವಾಗಿಸಬಹುದೇ ಎಂಬ ಸಂಶೋಧನೆ ನಡೆಯುತ್ತಿದೆ. ಅದರ ಕುರಿತು ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಬರಹಗಳಿಗೆ ಬಂದ ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಮನೆಯಲ್ಲಿ ರೋಗಿಯನ್ನು ಇಟ್ಟುಕೊಂಡು ಓದುತ್ತಿರುವವರು ನಾಲ್ಕನೆಯ ಪ್ರಶ್ನೆಯನ್ನೂ, ಶಸ್ತ್ರಚಿಕಿತ್ಸೆ ಮುಂದೂಡುವುದರ ಬಗೆಗಿನ ಪ್ರಶ್ನೆಯನ್ನೂ ಮೊದಲು ಓದಿಕೊಳ್ಳಬೇಕೆಂದು ಕೋರುತ್ತೇನೆ.

## ಮೊದಲು ತಿಳಿಯಬೇಕಾದದ್ದು

1. ಪೆಪ್ಟೈಡ್ ಅಂದರೆ ಏನು? ಜಿಮ್‌ನವರು ಕುಡಿಯೋ ಪ್ರೋಟೀನ್ ಪುಡಿಯಂಥದ್ದಾ?

ಪ್ರೋಟೀನು ಮತ್ತು ಪೆಪ್ಟೈಡು ಎರಡೂ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರಗಳೇ. ಸರ ಉದ್ದವಾಗಿದ್ದರೆ ಪ್ರೋಟೀನು ಎನ್ನುತ್ತೇವೆ, ಗಿಡ್ಡವಾಗಿದ್ದರೆ ಪೆಪ್ಟೈಡು ಎನ್ನುತ್ತೇವೆ. ಸೂಕ್ಷ್ಮಾಣುಗಳನ್ನು ಕೊಲ್ಲುವ ಪೆಪ್ಟೈಡುಗಳಲ್ಲಿ ಸಾಮಾನ್ಯವಾಗಿ ಹತ್ತರಿಂದ ಐವತ್ತು ಮಣಿಗಳಿರುತ್ತವೆ. ಇವುಗಳಲ್ಲಿ ಬಹುಪಾಲಿಗೆ ಎರಡು ಗುಣಗಳು ಸಮಾನ: ಮೈಮೇಲೆ ಧನ ವಿದ್ಯುದಾವೇಶವಿರುತ್ತದೆ, ಮತ್ತು ಒಂದು ಮಗ್ಗುಲು ನೀರಿಗೆ ಒಗ್ಗಿದರೆ ಇನ್ನೊಂದು ಮಗ್ಗುಲು ಕೊಬ್ಬಿಗೆ ಒಗ್ಗುತ್ತದೆ. ಮುಂದೆ ಹೇಳುವುದೆಲ್ಲ ಈ ಎರಡು ಗುಣಗಳ ಮೇಲೆಯೇ ನಿಂತಿದೆ. ಪ್ರೋಟೀನ್ ಪುಡಿಯನ್ನು ದೇಹ ಜೀರ್ಣಿಸಿಕೊಂಡು ಬಿಡಿ ಮಣಿಗಳಾಗಿ ಬಳಸಿಕೊಳ್ಳುತ್ತದೆಯಾದ್ದರಿಂದ ಅದಕ್ಕೂ ಈ ಔಷಧಕ್ಕೂ ಹೋಲಿಕೆಯಿಲ್ಲ.

2. ನಮ್ಮ ಎಂಜಲಿನಲ್ಲೇ ಇಂಥ ಪೆಪ್ಟೈಡ್ ಇದೆ ಅಂತಾರೆ, ನಿಜವಾ?

ನಿಜ. ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿಗೂ ಮೇಲ್ಪಟ್ಟು ಸುರಿಯುವ ನಮ್ಮ ಜೊಲ್ಲಿನಲ್ಲಿ ಹಿಸ್ಟಾಟಿನ್ ಎಂಬ ಪೆಪ್ಟೈಡುಗಳ ಗುಂಪೇ ಇದೆ. ಅದರಲ್ಲಿ 24 ಅಮೈನೋ ಆಮ್ಲಗಳ ಹಿಸ್ಟಾಟಿನ್-5 ಬಾಯಿಯ ಕ್ಯಾಂಡಿಡಾ ಶಿಲೀಂಧ್ರವನ್ನು ಹದ್ದುಬಸ್ತಿನಲ್ಲಿಡುತ್ತದೆ. ಹಿಸ್ಟಾಟಿನ್-1 ಗಾಯ ಮಾಯುವುದಕ್ಕೆ ನೆರವಾಗುತ್ತದೆ. ವಸಡು ಮತ್ತು ಕೆನ್ನೆಯ ಒಳಪದರದ ಜೀವಕೋಶಗಳು ಬೀಟಾ-ಡಿಫೆನ್ಸಿನ್ ಎಂಬ ಪೆಪ್ಟೈಡುಗಳನ್ನು ತಯಾರಿಸುತ್ತವೆ. ಬಿಳಿ ರಕ್ತಕಣಗಳು ಎಲ್‌ಎಲ್-37 ಎಂಬ 37 ಮಣಿಗಳ ಪೆಪ್ಟೈಡನ್ನು ತರುತ್ತವೆ. ಊಟ ಮಾಡುವಾಗ ಕೆನ್ನೆ ಕಚ್ಚಿಕೊಂಡರೆ, ಬಾಯಿಯಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿದ್ದರೂ ಆ ಗಾಯ ಕೀವಾಗದೆ ನಾಲ್ಕಾರು ದಿನಗಳಲ್ಲಿ ಮಾಯುತ್ತದಲ್ಲ, ಅದರಲ್ಲಿ ಈ ಪೆಪ್ಟೈಡುಗಳ ಪಾಲೂ ಇದೆ. ಆದರೆ ಜೊಲ್ಲಿನಲ್ಲಿರುವಷ್ಟು ಪ್ರಮಾಣ ಕ್ಯಾನ್ಸರನ್ನು ತಡೆಯಲಾರದು. ತಡೆಯುವಂತಿದ್ದರೆ ಬಾಯಿ ಕ್ಯಾನ್ಸರ್ ಎಂಬ ಕಾಯಿಲೆಯೇ ಇರುತ್ತಿರಲಿಲ್ಲ.

3. ಬ್ಯಾಕ್ಟೀರಿಯಾ ಕೊಲ್ಲೋ ವಸ್ತು ಕ್ಯಾನ್ಸರ್ ಕೋಶವನ್ನು ಹೇಗೆ ಕೊಲ್ಲುತ್ತೆ? ಅದು ನಮ್ಮದೇ ಕೋಶ ತಾನೆ?

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಬ್ಯಾಕ್ಟೀರಿಯಾದ ಹೊರಪೊರೆಯ ಮೇಲೆ ಋಣ ವಿದ್ಯುದಾವೇಶ ದಟ್ಟವಾಗಿರುತ್ತದೆ. ಧನ ಆವೇಶದ ಪೆಪ್ಟೈಡು ಅಲ್ಲಿಗೆ ಸೆಳೆಯಲ್ಪಟ್ಟು, ತನ್ನ ಕೊಬ್ಬಿಗೊಗ್ಗುವ ಮಗ್ಗುಲನ್ನು ಪೊರೆಯೊಳಕ್ಕೆ ತೂರಿಸಿ, ಸಾಕಷ್ಟು ಅಣುಗಳು ಕೂಡಿದಾಗ ಪೊರೆಯಲ್ಲಿ ತೂತು ಮಾಡುತ್ತದೆ. ನಮ್ಮ ಆರೋಗ್ಯವಂತ ಜೀವಕೋಶದ ಹೊರಮೈಯಾದರೋ ವಿದ್ಯುತ್ತಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ತಟಸ್ಥ. ಋಣ ಆವೇಶವಿರುವ ಫಾಸ್ಫಾಟಿಡೈಲ್‌ಸೆರಿನ್ ಎಂಬ ಕೊಬ್ಬನ್ನು ಕೋಶವು ತನ್ನ ಪೊರೆಯ ಒಳಮೈಯಲ್ಲೇ ಮಡಚಿಟ್ಟುಕೊಂಡಿರುತ್ತದೆ. ಕ್ಯಾನ್ಸರ್ ಕೋಶದಲ್ಲಿ ಈ ಶಿಸ್ತು ಕೆಡುತ್ತದೆ. ಒಳಗಿರಬೇಕಾದ ಆ ಕೊಬ್ಬು ಹೊರಮೈಗೆ ಬರುತ್ತದೆ, ಋಣ ಆವೇಶದ ಸಿಯಾಲಿಕ್ ಆಮ್ಲ ಹೊತ್ತ ಸಕ್ಕರೆಯ ಸರಪಳಿಗಳು ಹೆಚ್ಚುತ್ತವೆ, ಮೇಲ್ಮೈಯಲ್ಲಿ ಸಣ್ಣ ಸಣ್ಣ ಚಾಚುಗಳು ಎದ್ದು ಪೆಪ್ಟೈಡಿಗೆ ಅಂಟಿಕೊಳ್ಳಲು ಜಾಗವೂ ಜಾಸ್ತಿಯಾಗುತ್ತದೆ. ಹೀಗೆ ಕ್ಯಾನ್ಸರ್ ಕೋಶ ಪೆಪ್ಟೈಡಿನ ಕಣ್ಣಿಗೆ ಬ್ಯಾಕ್ಟೀರಿಯಾದ ಹಾಗೆ ಕಾಣತೊಡಗುತ್ತದೆ.

ಎರಡನೆಯ ದಾರಿ ಕೋಶದ ಒಳಗಿನದು. ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳು ಬಹಳ ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದು ಆಮೇಲೆ ನಮ್ಮ ಕೋಶದೊಳಗೆ ನೆಲೆಯೂರಿದವು. ಅವುಗಳ ಪೊರೆಯಲ್ಲಿ ಕಾರ್ಡಿಯೋಲಿಪಿನ್ ಎಂಬ ಋಣ ಆವೇಶದ ಕೊಬ್ಬು ಇಂದಿಗೂ ಇದೆ. ಕೋಶದೊಳಕ್ಕೆ ನುಗ್ಗಿದ ಪೆಪ್ಟೈಡು ಅದನ್ನು ಹರಿದರೆ, ಒಳಗಿನ ಸೈಟೋಕ್ರೋಮ್-ಸಿ ಎಂಬ ಪ್ರೋಟೀನು ಹೊರಬಿದ್ದು ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಇಷ್ಟೆಲ್ಲ ಇದ್ದರೂ ಆರೋಗ್ಯವಂತ ಕೋಶಕ್ಕೂ ಕ್ಯಾನ್ಸರ್ ಕೋಶಕ್ಕೂ ಇರುವ ವ್ಯತ್ಯಾಸ ಪ್ರಮಾಣದ ವ್ಯತ್ಯಾಸ ಮಾತ್ರ. ಪೆಪ್ಟೈಡಿನ ಪ್ರಮಾಣ ಏರಿಸುತ್ತ ಹೋದರೆ ಒಳ್ಳೆಯ ಕೋಶಗಳೂ ಒಡೆಯುತ್ತವೆ.

4. ಇದು ಈಗ ಆಸ್ಪತ್ರೆಯಲ್ಲಿ ಸಿಗುತ್ತಾ?

ಇಲ್ಲ. ಬಾಯಿ ಕ್ಯಾನ್ಸರ್ ಗುಣಪಡಿಸಲೆಂದು ಅನುಮೋದನೆ ಪಡೆದ ಪ್ರತಿಸೂಕ್ಷ್ಮಾಣು ಪೆಪ್ಟೈಡು ಯಾವುದೂ ಇಲ್ಲ. ಇಂದು ಜೀವ ಉಳಿಸುತ್ತಿರುವುದು ಶಸ್ತ್ರಚಿಕಿತ್ಸೆ, ಜನ 'ಕರೆಂಟ್ ಕೊಡುವುದು' ಎಂದು ಕರೆಯುವ ರೇಡಿಯೇಷನ್, ಮತ್ತು ಸಿಸ್‌ಪ್ಲಾಟಿನ್‌ನಂಥ ಕೀಮೋ ಔಷಧಗಳು.

5. ಬೇರೆ ಕ್ಯಾನ್ಸರ್ ಬಿಟ್ಟು ಬಾಯಿ ಕ್ಯಾನ್ಸರ್‌ಗೇ ಯಾಕೆ ಇದನ್ನು ಯೋಚಿಸುತ್ತಿದ್ದಾರೆ?

ಬೇರೆ ಕ್ಯಾನ್ಸರ್‌ಗಳ ಮೇಲೂ ಕೆಲಸ ನಡೆದಿದೆ. ಆದರೆ ಬಾಯಿಗೆ ಕೆಲವು ವಿಶೇಷಗಳಿವೆ. ಕೆನ್ನೆಯ ಒಳಗೆ ಅಥವಾ ನಾಲಿಗೆಯ ಅಂಚಿನಲ್ಲಿ ಎದ್ದ ಗಂಟು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ. ಸೂಜಿಯಿಂದ ನೇರವಾಗಿ ಅದರೊಳಕ್ಕೆ ಔಷಧ ಕೊಡಬಹುದು, ಜೆಲ್ ಹಚ್ಚಬಹುದು, ವಾರಕ್ಕೊಮ್ಮೆ ಅಳೆದು ನೋಡಬಹುದು. ರಕ್ತದಲ್ಲಿ ಬೇಗ ಕರಗಿಹೋಗುವ ಪೆಪ್ಟೈಡಿಗೆ ಇದು ದೊಡ್ಡ ಅನುಕೂಲ.

ಎರಡನೆಯ ಕಾರಣ ನಮ್ಮ ದೇಶದ ಪರಿಸ್ಥಿತಿ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನಾದ್ಯಂತ ತುಟಿ ಮತ್ತು ಬಾಯಿಯ ಕ್ಯಾನ್ಸರಿನ ಸುಮಾರು 3.77 ಲಕ್ಷ ಹೊಸ ಪ್ರಕರಣಗಳಿದ್ದವು; ಅವುಗಳಲ್ಲಿ ಸುಮಾರು 1.35 ಲಕ್ಷ ಭಾರತದವು, ಅಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಆ ವರ್ಷ ನಮ್ಮಲ್ಲಿ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಇದರಿಂದ ಸತ್ತರು. ಬದುಕುಳಿದವರು ತೆರುವ ಬೆಲೆಯೂ ಕಡಿಮೆಯದಲ್ಲ. ದವಡೆಯ ಒಂದು ಭಾಗ ತೆಗೆಸಿಕೊಂಡವರು ಸಾರನ್ನ ಉಣ್ಣುವಾಗ ತುಟಿಯ ಮೂಲೆಯಿಂದ ಸೋರುವುದನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತಲೇ ಇರಬೇಕಾಗುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂರುವುದನ್ನೇ ಬಿಟ್ಟವರನ್ನು ನಾನು ಬಲ್ಲೆ. ಕತ್ತರಿಸುವ ಭಾಗವನ್ನು ಒಂದಿಷ್ಟಾದರೂ ಕಿರಿದಾಗಿಸುವ ಔಷಧ ಬಂದರೆ ಅದರ ಬೆಲೆ ಏನೆಂಬುದು ಇಂಥವರಿಗೆ ಗೊತ್ತು.

6. ನಾವು ಅಡಿಕೆ ಬೆಳೆಯುವವರು. ಅಡಿಕೆಯೂ ಕಾರಣ ಅಂತೀರಾ, ಬರೀ ಹೊಗೆಸೊಪ್ಪು ತಾನೆ?

ಶಿವಮೊಗ್ಗ, ದಾವಣಗೆರೆ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಕಡೆಯಿಂದ ಈ ಪ್ರಶ್ನೆ ನೋವಿನಿಂದಲೇ ಬರುತ್ತದೆ. ಅದನ್ನು ಅರ್ಥಮಾಡಿಕೊಂಡೇ ಉತ್ತರಿಸುತ್ತೇನೆ. ಮೇಲೆ ಹೇಳಿದ ಅಂತಾರಾಷ್ಟ್ರೀಯ ಸಂಸ್ಥೆಯು 2004ರಲ್ಲಿ, ತಂಬಾಕು ಬೆರೆಸದ ಎಲೆ ಅಡಿಕೆಯನ್ನೂ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚುತ್ತದೆ. ಅಡಿಕೆ ಅಗಿದು ಅಗಿದು ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಸ್ಥಿತಿಯನ್ನು ಯಾರು ಬೇಕಾದರೂ ಗುರುತಿಸಬಹುದು: ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರನ್ನೂ ಒಂದರ ಮೇಲೊಂದು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ ನೋಡಿ. ಎರಡೇ ಬೆರಳು ಹೋದರೆ, ಖಾರದ ಸಾರು ಬಾಯಿಗಿಟ್ಟರೆ ಉರಿದರೆ, ದಂತವೈದ್ಯರನ್ನು ಕಾಣುವುದಕ್ಕೆ ತಡಮಾಡಬಾರದು. ಈ ಸ್ಥಿತಿಯಲ್ಲಿರುವ ಕೆಲವರಲ್ಲಿ ಮುಂದೆ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಪೆಪ್ಟೈಡ್ ಔಷಧವಿಲ್ಲ. ಅಗಿಯುವುದನ್ನು ನಿಲ್ಲಿಸುವುದೇ ಮೊದಲ ಚಿಕಿತ್ಸೆ.

## ಪ್ರಯೋಗಾಲಯದಲ್ಲಿ ಕಂಡದ್ದು

7. ಬಾಯಿ ಕ್ಯಾನ್ಸರ್ ಮೇಲೆ ಯಾವ ಪೆಪ್ಟೈಡ್‌ನ ಕೆಲಸ ಹೆಚ್ಚು ಮುಂದುವರೆದಿದೆ?

ಪ್ರಾಣಿಗಳ ಮೇಲಿನ ಪ್ರಯೋಗಗಳ ಮಟ್ಟಿಗೆ ಹೇಳುವುದಾದರೆ ನಿಸಿನ್ ಹೆಸರು ಮೊದಲು ಬರುತ್ತದೆ. ಹಾಲನ್ನು ಹುಳಿಯಾಗಿಸುವ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಎಂಬ ಬ್ಯಾಕ್ಟೀರಿಯಾ ತನ್ನ ಎದುರಾಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ತಯಾರಿಸುವ, 34 ಅಮೈನೋ ಆಮ್ಲಗಳ ಪೆಪ್ಟೈಡು ಇದು. 1928ರಲ್ಲಿ ಮೊದಲು ಗಮನಕ್ಕೆ ಬಂತು. ಆಹಾರ ಕೆಡದಂತೆ ಇಡಲು ದಶಕಗಳಿಂದ ಬಳಕೆಯಲ್ಲಿದೆ. ಡಬ್ಬಿಗಳ ಮೇಲೆ ಇ-234 ಎಂದು ಬರೆದಿರುವುದು ಇದನ್ನೇ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಇವೋನ್ ಕಪಿಲಾ ಅವರ ತಂಡ 2012ರಲ್ಲಿ, ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ಕೋಶಗಳನ್ನು ನಿಸಿನ್ ಸಾಯಿಸುತ್ತದೆ, ಇಲಿಗಳ ಬಾಯಿಯಲ್ಲಿ ಬೆಳೆಸಿದ ಗಂಟನ್ನು ಕುಗ್ಗಿಸುತ್ತದೆ ಎಂದು ತೋರಿಸಿತು. ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುವುದು, ಕೋಶ ವಿಭಜನೆ ನಡುವೆಯೇ ನಿಲ್ಲುವುದು, ಚಾಕ್-1 ಎಂಬ ವಂಶವಾಹಿ ಚುರುಕಾಗುವುದು ಅವರು ಕಂಡ ಬದಲಾವಣೆಗಳು. 2015ರಲ್ಲಿ ಅದೇ ತಂಡ ಹೆಚ್ಚು ಶುದ್ಧವಾದ ನಿಸಿನ್-ಝಡ್‌ಪಿ ಬಳಸಿದಾಗ ಫಲ ಇನ್ನೂ ಚೆನ್ನಾಗಿತ್ತು. ಇಲಿಗಳು ಹೆಚ್ಚು ಕಾಲ ಬದುಕಿದವು.

8. ನಿಸಿನ್ ಚೀಸ್‌ನಲ್ಲಿ ಇದೆಯಂತಲ್ಲ, ದಿನಾ ಚೀಸ್ ತಿಂದರೆ ಆಗಲ್ವಾ?

ಲೆಕ್ಕ ಹಾಕಿ ನೋಡೋಣ. 2015ರ ಪ್ರಯೋಗದಲ್ಲಿ ಇಲಿಗಳ ಆಯುಸ್ಸು ಹೆಚ್ಚಿಸಿದ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 800 ಮಿಲಿಗ್ರಾಂ. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸುವಾಗ ರೂಢಿಯಂತೆ ಸುಮಾರು ಹನ್ನೆರಡರಿಂದ ಭಾಗಿಸುತ್ತಾರೆ. ಹಾಗೆ ಮಾಡಿದರೆ ಅರವತ್ತು ಕಿಲೋ ತೂಕದವರಿಗೆ ಸರಿಸುಮಾರು 4 ಗ್ರಾಂ ಬೇಕು. ಚೀಸ್‌ನಲ್ಲಿ ಅಂತಾರಾಷ್ಟ್ರೀಯ ಆಹಾರ ಮಾನದಂಡ ಒಪ್ಪುವ ಗರಿಷ್ಠ ನಿಸಿನ್ ಕಿಲೋಗೆ 12.5 ಮಿಲಿಗ್ರಾಂ. ಎಂದರೆ ದಿನಕ್ಕೆ ಮುನ್ನೂರು ಕಿಲೋ ಚೀಸ್ ತಿನ್ನಬೇಕಾದೀತು! ಮೊಸರು ಮಜ್ಜಿಗೆಗಳ ಬಗ್ಗೆ ಕೇಳುವವರಿಗೂ ಇದೇ ಉತ್ತರ. ಚಿಕಿತ್ಸೆಯ ದಿನಗಳಲ್ಲಿ ಮೊಸರನ್ನ ಗಂಟಲಿಗೆ ಹಿತವಾಗಿ, ಹೊಟ್ಟೆಗೆ ತಂಪಾಗಿ ಇರುವುದಾದರೆ ವೈದ್ಯರನ್ನು ಕೇಳಿಕೊಂಡು ಧಾರಾಳವಾಗಿ ತಿನ್ನಲಿ. ಆದರೆ ಅದನ್ನು ಔಷಧವೆಂದು ನಂಬಿಕೊಳ್ಳಬಾರದು.

9. ಕಪ್ಪೆಯಿಂದ, ಮೀನಿನಿಂದ ತೆಗೀತಾರೆ ಅಂತ ಓದಿದೆ. ಅಷ್ಟು ಪ್ರಾಣಿ ಕೊಲ್ಲಬೇಕಾ? ನಾವು ಸಸ್ಯಾಹಾರಿಗಳು.

ಮೊದಲು ಗುರುತಿಸಿದ್ದು ಪ್ರಾಣಿಗಳಲ್ಲಿ ಎಂಬುದು ನಿಜ. ಅಮೆರಿಕದ ವಿಜ್ಞಾನಿ ಮೈಕೆಲ್ ಝಾಸ್ಲಾಫ್ ತಮ್ಮ ಪ್ರಯೋಗಾಲಯದಲ್ಲಿ ಆಫ್ರಿಕಾದ ಉಗುರುಗಪ್ಪೆಗಳಿಗೆ ಹೊಟ್ಟೆ ಕೊಯ್ದು ಹೊಲಿಗೆ ಹಾಕಿ ಮತ್ತೆ ತೊಟ್ಟಿಯ ಕೊಳಕು ನೀರಿಗೇ ಬಿಡುತ್ತಿದ್ದರು. ಆ ನೀರಿನಲ್ಲೂ ಗಾಯ ಕೀವಾಗದೆ ಮಾಯುತ್ತಿದ್ದುದು ಅವರನ್ನು ಕಾಡಿತು. ಹುಡುಕಿದಾಗ ಕಪ್ಪೆಯ ಚರ್ಮದಲ್ಲಿ ಸಿಕ್ಕ ಪೆಪ್ಟೈಡುಗಳಿಗೆ 1987ರಲ್ಲಿ ಮಗೈನಿನ್ ಎಂದು ಹೆಸರಿಟ್ಟರು. 1991ರ ಹೊತ್ತಿಗೆ ಅವು ಕ್ಯಾನ್ಸರ್ ಕೋಶಗಳ ಪೊರೆಯನ್ನೂ ತೂತು ಮಾಡುತ್ತವೆಂದು ತಿಳಿಯಿತು. ಕೆಂಪು ಸಮುದ್ರದ ಚಪ್ಪಟೆ ಮೀನೊಂದು ತನ್ನನ್ನು ಹಿಡಿಯಬಂದ ಶಾರ್ಕಿನ ಮೇಲೆ ಸುರಿಸುವ ಪಾರ್ಡಾಕ್ಸಿನ್ ಎಂಬ 33 ಮಣಿಗಳ ಪೆಪ್ಟೈಡನ್ನು 2016ರಲ್ಲಿ ಬಾಯಿ ಕ್ಯಾನ್ಸರ್ ಕೋಶಗಳ ಮೇಲೂ, ಕೆನ್ನೆಚೀಲದಲ್ಲಿ ಗಂಟು ಬರಿಸಿದ ಹ್ಯಾಮ್‌ಸ್ಟರ್‌ಗಳ ಮೇಲೂ ಪರೀಕ್ಷಿಸಲಾಯಿತು. ಗಂಟುಗಳ ಬೆಳವಣಿಗೆ ತಗ್ಗಿತು.

ಆದರೆ ಪೆಪ್ಟೈಡಿನ ಮಣಿಗಳ ಕ್ರಮ ಒಮ್ಮೆ ಗೊತ್ತಾದ ಮೇಲೆ ಪ್ರಾಣಿಯ ಹಂಗು ಬೇಕಿಲ್ಲ. ರಾಬರ್ಟ್ ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ಪ್ರಕಟಿಸಿದ, 1984ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ವಿಧಾನದಲ್ಲಿ, ರಾಳದ ಸಣ್ಣ ಗುಂಡುಗಳ ಮೇಲೆ ಒಂದೊಂದೇ ಅಮೈನೋ ಆಮ್ಲವನ್ನು ಜೋಡಿಸುತ್ತ ಯಂತ್ರದಲ್ಲೇ ಪೆಪ್ಟೈಡನ್ನು ಕಟ್ಟುತ್ತಾರೆ.

10. ನಮ್ಮ ದೇಹದ ಪೆಪ್ಟೈಡೇ ಕ್ಯಾನ್ಸರ್‌ಗೆ ಸಹಾಯ ಮಾಡುತ್ತೆ ಅಂತ ಒಬ್ಬರು ಬರೆದಿದ್ದರು. ಹಾಗಾದರೆ ಯಾವುದನ್ನು ನಂಬೋದು?

ಬರೆದವರು ಸರಿಯಾಗಿಯೇ ಬರೆದಿದ್ದಾರೆ. ಉತ್ಸಾಹದ ಸುದ್ದಿಗಳಲ್ಲಿ ಈ ಸಂಗತಿ ಬಿಟ್ಟುಹೋಗುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಬೀಟಾ-ಡಿಫೆನ್ಸಿನ್‌ಗಳ ಒಂದೇ ಮನೆತನದಲ್ಲಿ ನಡತೆ ಬೇರೆ ಬೇರೆ. ಬಾಯಿ ಕ್ಯಾನ್ಸರಿನಲ್ಲಿ ಒಂದನೆಯ ಡಿಫೆನ್ಸಿನ್ ಕುಗ್ಗುತ್ತದೆ, ಮತ್ತು ಅದು ಇದ್ದಲ್ಲಿ ಗಂಟಿನ ಹರಡುವಿಕೆಗೆ ಕಡಿವಾಣ ಬೀಳುತ್ತದೆ. ಮೂರನೆಯ ಡಿಫೆನ್ಸಿನ್ ಹಾಗಲ್ಲ: ಗಂಟು ಇನ್ನೂ ಮೇಲ್ಪದರದಲ್ಲೇ ಇರುವ ಆರಂಭದ ಹಂತದಲ್ಲೇ ಅದು ವಿಪರೀತ ಹೆಚ್ಚುತ್ತದೆ, ಮ್ಯಾಕ್ರೋಫೇಜ್ ಎಂಬ ಬಿಳಿ ಕಣಗಳನ್ನು ಗಂಟಿನೊಳಕ್ಕೆ ಕರೆತರುತ್ತದೆ, ಹಾಗೆ ಬಂದ ಕಣಗಳು ಕಾಯುವ ಕೆಲಸ ಬಿಟ್ಟು ಗಂಟಿನ ಬೆಳವಣಿಗೆಗೇ ಒತ್ತಾಸೆಯಾಗುತ್ತವೆ. ಅಮೆರಿಕದ ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಸಂಶೋಧಕರು ಈ ದೋಷವನ್ನೇ ಉಪಯೋಗಕ್ಕೆ ತಂದಿದ್ದಾರೆ. ಅನುಮಾನದ ಜಾಗವನ್ನೂ ಎದುರು ಕೆನ್ನೆಯ ಆರೋಗ್ಯವಂತ ಜಾಗವನ್ನೂ ಸಣ್ಣ ಬ್ರಷ್‌ನಿಂದ ಉಜ್ಜಿ ತೆಗೆದ ಕೋಶಗಳಲ್ಲಿ ಮೂರನೆಯ ಮತ್ತು ಎರಡನೆಯ ಡಿಫೆನ್ಸಿನ್‌ಗಳ ಅನುಪಾತ ಅಳೆದು, ಬಯಾಪ್ಸಿ, ಅಂದರೆ ತುಣುಕು ತೆಗೆದು ನೋಡುವ ಪರೀಕ್ಷೆ, ಯಾರಿಗೆ ತುರ್ತಾಗಿ ಬೇಕು ಎಂದು ವಿಂಗಡಿಸುವ ಪರೀಕ್ಷೆ ಅದು. ನನ್ನ ಅಭಿಪ್ರಾಯದಲ್ಲಿ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಪೆಪ್ಟೈಡ್ ವಿಜ್ಞಾನದಿಂದ ಮೊದಲು ಬರಬಹುದಾದ ಲಾಭ ಚಿಕಿತ್ಸೆಗಿಂತ ಇಂಥ ಪರೀಕ್ಷೆಯೇ.

ಎಲ್‌ಎಲ್-37ರ ಕಥೆಯೂ ಹೀಗೆಯೇ. ಅಂಡಾಶಯ, ಶ್ವಾಸಕೋಶ ಮತ್ತು ಸ್ತನದ ಕ್ಯಾನ್ಸರುಗಳಲ್ಲಿ ಅದು ಗಂಟಿಗೆ ನೆರವಾದರೆ, ದೊಡ್ಡ ಕರುಳು ಮತ್ತು ಜಠರದ ಕ್ಯಾನ್ಸರುಗಳಲ್ಲಿ ತಡೆಯುತ್ತದೆ. ಎಲ್‌ಎಲ್-37 ಯಾವ ದೊಡ್ಡ ಪ್ರೋಟೀನಿನಿಂದ ಬರುತ್ತದೋ ಅದರ ಬಾಲದ ಕಡೆಯ 27 ಮಣಿಗಳ ತುಣುಕು ಬಾಯಿ ಕ್ಯಾನ್ಸರ್ ಕೋಶಗಳನ್ನು ಸಾಯಿಸಿ, ವಸಡಿನ ಆರೋಗ್ಯವಂತ ಕೋಶಗಳನ್ನು ಉಳಿಸಿತು ಎಂದು ಜಪಾನಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದ್ದರು. ಆದ್ದರಿಂದ 'ಪೆಪ್ಟೈಡು ಒಳ್ಳೆಯದೋ ಕೆಟ್ಟದ್ದೋ' ಎಂದು ಕೇಳಿದರೆ ಉತ್ತರವಿಲ್ಲ; ಯಾವ ಪೆಪ್ಟೈಡು, ಎಷ್ಟು, ಯಾವ ಅಂಗದಲ್ಲಿ ಎಂದು ಕೇಳಬೇಕು.

11. ಹಲ್ಲುಜ್ಜದೇ ಇರೋದಕ್ಕೂ ಕ್ಯಾನ್ಸರ್‌ಗೂ ಸಂಬಂಧ ಇದೆಯಾ? ಪೆಪ್ಟೈಡ್ ಅಲ್ಲಿ ಏನು ಮಾಡುತ್ತೆ?

ವಸಡಿನ ಕಾಯಿಲೆ ತರುವ ಪಾರ್ಫೈರೋಮೊನಾಸ್ ಜಿಂಜಿವಾಲಿಸ್, ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ಮುಂತಾದ ಬ್ಯಾಕ್ಟೀರಿಯಾಗಳಿಗೂ ಬಾಯಿ ಕ್ಯಾನ್ಸರಿಗೂ ನಂಟಿದೆ ಎಂದು ಹಲವು ಅಧ್ಯಯನಗಳು ಸೂಚಿಸುತ್ತವೆ. ಮೇಲೆ ಹೇಳಿದ ನಿಸಿನ್ ತಂಡವೇ 2020ರಲ್ಲಿ, ಈ ಬ್ಯಾಕ್ಟೀರಿಯಾಗಳು ಕ್ಯಾನ್ಸರ್ ಕೋಶಗಳನ್ನು ಹೆಚ್ಚು ಉಗ್ರವಾಗಿಸುತ್ತವೆ, ನಿಸಿನ್ ಆ ಪ್ರಚೋದನೆಯನ್ನು ಇಳಿಸುತ್ತದೆ ಎಂದು ಕೋಶಗಳಲ್ಲೂ ಇಲಿಗಳಲ್ಲೂ ತೋರಿಸಿತು. ಗಂಟನ್ನೂ ಅದಕ್ಕೆ ಕುಮ್ಮಕ್ಕು ಕೊಡುವ ಸೂಕ್ಷ್ಮಾಣುವನ್ನೂ ಒಂದೇ ವಸ್ತು ಹೊಡೆಯಬಹುದೆಂಬ ಈ ಸಾಧ್ಯತೆ ಬೇರೆ ಕ್ಯಾನ್ಸರ್ ಔಷಧಗಳಿಗೆ ಸುಲಭವಾಗಿ ಒದಗುವಂಥದ್ದಲ್ಲ. ಹಾಗೆಂದು ತಂಬಾಕು ಅಗಿಯುತ್ತ ಹಲ್ಲುಜ್ಜಿಕೊಂಡರೆ ಸಾಕೆಂದು ಯಾರೂ ತಿಳಿಯಬಾರದು.

## ರೋಗಿಯ ಹತ್ತಿರ ಬಂದಾಗ

12. ಅಪ್ಪನಿಗೆ ಆಪರೇಷನ್ ಹೇಳಿದ್ದಾರೆ. ಆರು ತಿಂಗಳು ಕಾದರೆ ಈ ಔಷಧ ಬರಬಹುದಾ?

ದಯವಿಟ್ಟು ಕಾಯಬೇಡಿ. ಆರು ತಿಂಗಳಲ್ಲಿ ಈ ಔಷಧ ಬರುವುದಿಲ್ಲ. ಗಂಟು ಮಾತ್ರ ಕೆನ್ನೆಯಿಂದ ದವಡೆಗೆ, ದವಡೆಯಿಂದ ಕುತ್ತಿಗೆಯ ಗ್ರಂಥಿಗಳಿಗೆ ಇಳಿಯಬಹುದು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಅನಿಲ್ ಡಿ'ಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಸಮಯದ ಬೆಲೆಯನ್ನು ಚೆನ್ನಾಗಿ ತಿಳಿಸುತ್ತದೆ. ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲಿ ಕುತ್ತಿಗೆಯ ಗ್ರಂಥಿಗಳನ್ನು ಮೊದಲ ಶಸ್ತ್ರಚಿಕಿತ್ಸೆಯಲ್ಲೇ ತೆಗೆದವರಲ್ಲಿ ಮೂರು ವರ್ಷಗಳ ನಂತರ ನೂರಕ್ಕೆ 80 ಮಂದಿ ಬದುಕಿದ್ದರು. ಗ್ರಂಥಿ ಊದಿಕೊಂಡ ಮೇಲೆ ತೆಗೆಯೋಣವೆಂದು ಕಾದ ಗುಂಪಿನಲ್ಲಿ ಆ ಸಂಖ್ಯೆ 67.5. ಚಿಕಿತ್ಸೆ ನಡೆಯುತ್ತಿದ್ದ ದೊಡ್ಡ ಆಸ್ಪತ್ರೆಯಲ್ಲೇ, ವೈದ್ಯರ ಕಣ್ಗಾವಲಿನಲ್ಲೇ ಕಾದದ್ದರ ಫಲ ಇದು. ಮನೆಯಲ್ಲಿ ಕೂತು ಕಾಯುವುದು ಇದಕ್ಕಿಂತ ಅಪಾಯಕರ.

13. ಮನುಷ್ಯರ ಮೇಲೆ ಒಂದೂ ಪ್ರಯೋಗ ಆಗಿಲ್ವಾ?

ಆಗಿವೆ, ಆದರೆ ಹೆಚ್ಚಾಗಿ ಬೇರೆ ಕ್ಯಾನ್ಸರುಗಳಲ್ಲಿ. ಹಸುವಿನ ಹಾಲಿನ ಲ್ಯಾಕ್ಟೋಫೆರಿನ್ ಪ್ರೋಟೀನಿನ ಒಂದು ತುಣುಕನ್ನು ಮಾದರಿಯಾಗಿಟ್ಟುಕೊಂಡು ನಾರ್ವೆಯಲ್ಲಿ ರೂಪಿಸಿದ ಎಲ್‌ಟಿಎಕ್ಸ್-315 ಎಂಬ ಒಂಬತ್ತೇ ಮಣಿಗಳ ಪೆಪ್ಟೈಡನ್ನು ರೋಗಿಗಳ ಗಂಟುಗಳಿಗೆ ನೇರವಾಗಿ ಚುಚ್ಚಿ ನೋಡಲಾಗಿದೆ. ಅದು ಮೈಟೋಕಾಂಡ್ರಿಯಾವನ್ನು ಒಡೆದು ಕೋಶವನ್ನು ಸಿಡಿಸುತ್ತದೆ. ಸಿಡಿದ ಕೋಶದಿಂದ ಚೆಲ್ಲುವ ವಸ್ತುಗಳು ರೋಗನಿರೋಧಕ ಕಣಗಳನ್ನು ಎಚ್ಚರಿಸುತ್ತವೆ. ಮೊದಲ ಹಂತದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಚರ್ಮದ ಬೇಸಲ್ ಸೆಲ್ ಕ್ಯಾನ್ಸರಿನಲ್ಲಿ ನಡೆದ ಎರಡನೆಯ ಹಂತದಲ್ಲಿ, ಚುಚ್ಚಿದ ಗಂಟುಗಳಲ್ಲಿ ಸುಮಾರು ಅರ್ಧದಷ್ಟು ಸೂಕ್ಷ್ಮದರ್ಶಕದಡಿ ನೋಡಿದಾಗಲೂ ಪೂರ್ತಿ ಇಲ್ಲವಾಗಿದ್ದವು. ಎಲ್‌ಎಲ್-37 ಅನ್ನು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಗಂಟುಗಳಿಗೆ ಚುಚ್ಚುವ ಆರಂಭಿಕ ಪ್ರಯೋಗವೂ ಅಮೆರಿಕದಲ್ಲಿ ನಡೆದಿದೆ. ಬೇಸಲ್ ಸೆಲ್ ಕ್ಯಾನ್ಸರ್ ನಿಧಾನವಾಗಿ ಬೆಳೆಯುವ, ಬಹುಮಟ್ಟಿಗೆ ಹರಡದ ಕಾಯಿಲೆ. ಅಲ್ಲಿ ಕಂಡ ಫಲವನ್ನು ನಮ್ಮ ಗುಟ್ಕಾ, ಕಡ್ಡಿಪುಡಿಗಳಿಂದ ಬರುವ ಆಕ್ರಮಣಕಾರಿ ಕ್ಯಾನ್ಸರಿಗೆ ನೇರವಾಗಿ ಎತ್ತಿ ಹಚ್ಚುವಂತಿಲ್ಲ.

14. ಕರೆಂಟ್ ಕೊಟ್ಟಾಗ ಬಾಯೆಲ್ಲ ಹುಣ್ಣಾಗುತ್ತಲ್ಲ, ಅದಕ್ಕಾದರೂ ಪೆಪ್ಟೈಡ್ ಕೊಡಬಹುದಾ?

ಇದನ್ನು ದೊಡ್ಡ ಮಟ್ಟದಲ್ಲೇ ಪ್ರಯತ್ನಿಸಿದ್ದಾರೆ. ಹಂದಿಯ ಬಿಳಿ ರಕ್ತಕಣದ ಪ್ರೋಟೆಗ್ರಿನ್ ಪೆಪ್ಟೈಡನ್ನು ಅನುಸರಿಸಿ ತಯಾರಿಸಿದ ಇಸೆಗನನ್ ಎಂಬ ದ್ರಾವಣದಿಂದ, ತಲೆ ಮತ್ತು ಕುತ್ತಿಗೆಗೆ ರೇಡಿಯೇಷನ್ ಪಡೆಯುತ್ತಿದ್ದ ಐನೂರಕ್ಕೂ ಹೆಚ್ಚು ಜನ ಬಾಯಿ ಮುಕ್ಕಳಿಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹುಣ್ಣಾಗದೆ ಪಾರಾದವರ ಪ್ರಮಾಣ ಪೆಪ್ಟೈಡಿನ ಗುಂಪಿನಲ್ಲೂ ಔಷಧವಿಲ್ಲದ ದ್ರಾವಣದ ಗುಂಪಿನಲ್ಲೂ ಒಂದೇ ಆಗಿತ್ತು: ನೂರಕ್ಕೆ 9. ಏನನ್ನೂ ಹೆಚ್ಚುವರಿಯಾಗಿ ಮುಕ್ಕಳಿಸದೆ ಸಾಮಾನ್ಯ ಆರೈಕೆಯಷ್ಟೇ ಪಡೆದವರಲ್ಲಿ ಅದು 2. ಪೆಪ್ಟೈಡು ಸೋತಿತು, ಮುಕ್ಕಳಿಸುವುದಕ್ಕೇ ಒಂದಿಷ್ಟು ಬೆಲೆ ಸಿಕ್ಕಿತು. ಅನಂತರ ಬಂದ ಡಸ್ಕ್ವೆಟೈಡ್ ಎಂಬ ಐದು ಮಣಿಗಳ ಪೆಪ್ಟೈಡು ಕೂಡ 2020ರ ಮೂರನೆಯ ಹಂತದ ಪ್ರಯೋಗದಲ್ಲಿ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಪ್ರಾಣಿಗಳಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋಲುವುದು ಎಷ್ಟು ಸಾಮಾನ್ಯ ಎಂಬುದನ್ನು ನೆನಪಿಡಲೆಂದೇ ಈ ಎರಡನ್ನೂ ವಿವರವಾಗಿ ಬರೆದೆ.

15. ನೈಸರ್ಗಿಕ ವಸ್ತು ಅಲ್ಲವೇ, ಅಡ್ಡ ಪರಿಣಾಮ ಏನಿರುತ್ತೆ?

ಜೇನುಹುಳು ಕಚ್ಚಿದಾಗ ಉರಿ ಎಬ್ಬಿಸುವ ಮೆಲಿಟಿನ್ ಕೂಡ 26 ಮಣಿಗಳ ನೈಸರ್ಗಿಕ ಪೆಪ್ಟೈಡೇ. ಅದು ಕ್ಯಾನ್ಸರ್ ಕೋಶವನ್ನು ಕೊಲ್ಲುವಷ್ಟೇ ಸಲೀಸಾಗಿ ಕೆಂಪು ರಕ್ತಕಣವನ್ನೂ ಒಡೆಯುತ್ತದೆ. ಆಸ್ಪತ್ರೆಗಳಲ್ಲಿ ಕೊನೆಯ ಅಸ್ತ್ರವಾಗಿ ಬಳಸುವ ಕೊಲಿಸ್ಟಿನ್ ಎಂಬ ಪೆಪ್ಟೈಡ್ ಆಂಟಿಬಯಾಟಿಕ್ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಗಂಟಿಗೆ ಚುಚ್ಚುವ ಪೆಪ್ಟೈಡುಗಳಿಂದ ನೋವು, ಊತ, ಕೆಲವರಲ್ಲಿ ತೀವ್ರ ಅಲರ್ಜಿ ಬಂದಿರುವುದೂ ಉಂಟು.

16. ಮಾತ್ರೆ ಮಾಡಿದರೆ ಸುಲಭ ಅಲ್ವಾ?

ಹೊಟ್ಟೆಗೆ ಹೋದ ಪೆಪ್ಟೈಡನ್ನು ಜೀರ್ಣರಸಗಳು ಬೇಳೆಯ ಪ್ರೋಟೀನಿನಂತೆಯೇ ಕತ್ತರಿಸಿಹಾಕುತ್ತವೆ. ರಕ್ತಕ್ಕೆ ಕೊಟ್ಟರೆ ಅಲ್ಲಿನ ಕಿಣ್ವಗಳು ಒಡೆಯುತ್ತವೆ, ಉಳಿದದ್ದು ರಕ್ತದ ಪ್ರೋಟೀನುಗಳಿಗೆ ಅಂಟಿ ವ್ಯರ್ಥವಾಗುತ್ತದೆ. ಜೊಲ್ಲಿನಲ್ಲೂ ಕತ್ತರಿ ಹಾಕುವ ಕಿಣ್ವಗಳಿವೆ, ವಸಡಿನ ಕಾಯಿಲೆಯಿದ್ದರೆ ಇನ್ನೂ ಹೆಚ್ಚು. ಇದಕ್ಕೆ ಪರಿಹಾರವಾಗಿ ಅಮೈನೋ ಆಮ್ಲಗಳ ಕನ್ನಡಿಬಿಂಬದ ರೂಪವನ್ನು ಬಳಸುವುದು, ಸರದ ಎರಡು ತುದಿಗಳನ್ನು ಸೇರಿಸಿ ಬಳೆಯಂತೆ ಮಾಡುವುದು, ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬುವುದು, ಕೆನ್ನೆಗೆ ಅಂಟುವ ಜೆಲ್ ಅಥವಾ ಪಟ್ಟಿಯಲ್ಲಿ ಇಡುವುದು ಮುಂತಾದ ಉಪಾಯಗಳನ್ನು ಪರೀಕ್ಷಿಸುತ್ತಿದ್ದಾರೆ. ಬಾಯಿಯ ಗಂಟಿಗಂತೂ ಸೂಜಿ ಮತ್ತು ಜೆಲ್ ದಾರಿಗಳೇ ಹೆಚ್ಚು ಭರವಸೆಯವು.

17. ಇಂಟರ್ನೆಟ್‌ನಲ್ಲಿ ಪೆಪ್ಟೈಡ್ ಬಾಟಲಿ ಮಾರುತ್ತಾರೆ. ತರಿಸಿ ಹಚ್ಚಿ ನೋಡಬಹುದಾ?

ಬೇಡ. 'ಸಂಶೋಧನೆಗೆ ಮಾತ್ರ' ಎಂಬ ಚೀಟಿಯೊಂದಿಗೆ ಬರುವ ಆ ಪುಡಿಗಳಲ್ಲಿ ಏನಿದೆ, ಎಷ್ಟು ಶುದ್ಧವಾಗಿದೆ ಎಂಬುದಕ್ಕೆ ಔಷಧ ನಿಯಂತ್ರಕರ ಖಾತರಿಯಿಲ್ಲ. ಹತ್ತನೆಯ ಉತ್ತರದಲ್ಲಿ ಹೇಳಿದಂತೆ ತಪ್ಪು ಪೆಪ್ಟೈಡು ಗಂಟಿಗೆ ಬಲ ತುಂಬಲೂಬಹುದು.

## ಇನ್ನಷ್ಟು ಆಳಕ್ಕೆ

18. ಕೀಮೋಗೆ ಬಗ್ಗದ ಹಾಗೆ ಕ್ಯಾನ್ಸರ್ ಇದಕ್ಕೂ ಬಗ್ಗದೆ ಹೋಗಬಹುದಲ್ಲ?

ಹೋಗಬಹುದು, ಆದರೆ ದಾರಿ ಸ್ವಲ್ಪ ಕಠಿಣ. ಒಂದು ಪ್ರೋಟೀನನ್ನು ಗುರಿಯಾಗಿಸುವ ಔಷಧದಿಂದ ತಪ್ಪಿಸಿಕೊಳ್ಳಲು ಒಂದು ವಂಶವಾಹಿ ಬದಲಾದರೆ ಸಾಕು. ಇಡೀ ಪೊರೆಯ ಕೊಬ್ಬಿನ ಸ್ವರೂಪವನ್ನೇ ಬದಲಿಸುವುದು ಕೋಶಕ್ಕೆ ದುಬಾರಿ. ಹಾಗಿದ್ದೂ ಅಡ್ಡಿಗಳಿವೆ. ಕ್ಯಾನ್ಸರ್ ಕೋಶದ ಹೊರಗೆ ದಟ್ಟವಾಗಿರುವ ಹೆಪರಾನ್ ಸಲ್ಫೇಟ್ ಎಂಬ ಋಣ ಆವೇಶದ ಸಕ್ಕರೆಪೊದೆ ಪೆಪ್ಟೈಡನ್ನು ಪೊರೆ ಮುಟ್ಟುವ ಮೊದಲೇ ಹಿಡಿದಿಟ್ಟುಕೊಳ್ಳುವುದನ್ನು, ಲ್ಯಾಕ್ಟೋಫೆರಿನ್ ಪ್ರೋಟೀನಿನ ತುಣುಕಾದ ಲ್ಯಾಕ್ಟೋಫೆರಿಸಿನ್ ಪೆಪ್ಟೈಡಿನ ಪ್ರಯೋಗಗಳಲ್ಲಿ ಕಂಡಿದ್ದಾರೆ. ಗಂಟು ಸ್ರವಿಸುವ ಕಿಣ್ವಗಳೂ ಪೆಪ್ಟೈಡನ್ನು ಕತ್ತರಿಸಬಲ್ಲವು.

19. ಇಮ್ಯುನೋಥೆರಪಿ ಜೊತೆ ಸೇರಿಸಿದರೆ ಉಪಯೋಗ ಇದೆಯಾ?

ಸಂಶೋಧಕರ ಹೆಚ್ಚಿನ ನಿರೀಕ್ಷೆ ಇರುವುದು ಇಲ್ಲಿಯೇ, ನನ್ನದೂ ಸಹ. ಇಮ್ಯುನೋಥೆರಪಿಯ ಔಷಧಗಳು ರೋಗನಿರೋಧಕ ಕಣಗಳ ಬ್ರೇಕನ್ನು ಬಿಡಿಸುತ್ತವೆ. ಆದರೆ ಗಂಟಿನೊಳಗೆ ಆ ಕಣಗಳೇ ಇಲ್ಲದಿದ್ದರೆ ಬ್ರೇಕು ಬಿಡಿಸಿ ಪ್ರಯೋಜನವಿಲ್ಲ. ಗಂಟಿನ ಕೋಶಗಳನ್ನು ಸಿಡಿಸಿ ಆ ಕಣಗಳನ್ನು ಒಳಕ್ಕೆ ಕರೆಸುವ ಕೆಲಸವನ್ನು ಎಲ್‌ಟಿಎಕ್ಸ್-315ರಂಥ ಪೆಪ್ಟೈಡು ಮಾಡಬಹುದು. ನಮ್ಮ ದೇಶದ ಮಟ್ಟಿಗೆ ಇದಕ್ಕೆ ಇನ್ನೊಂದು ಮಹತ್ವವಿದೆ. ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದುವರಿದ ತಲೆ–ಕುತ್ತಿಗೆ ಕ್ಯಾನ್ಸರಿಗೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧವನ್ನು ಕಡಿಮೆ ಖರ್ಚಿನ ಮಾತ್ರೆಗಳ ಚಿಕಿತ್ಸೆಗೆ ಸೇರಿಸಿದಾಗ ಒಂದು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ 16.3ರಿಂದ 43.4ಕ್ಕೆ ಏರಿತು. ಬಡವರ ಕೈಗೆಟಕುವ ಇಂಥ ಕಿರುಪ್ರಮಾಣದ ಜೊತೆಗೆ ಗಂಟಿಗೆ ಚುಚ್ಚುವ ಪೆಪ್ಟೈಡೊಂದನ್ನು ಪರೀಕ್ಷಿಸುವುದಾದರೆ ಅದಕ್ಕೆ ಭಾರತಕ್ಕಿಂತ ತಕ್ಕ ಜಾಗ ಬೇರೆಯಿಲ್ಲ ಎಂದು ನನ್ನ ನಂಬಿಕೆ.

20. ನಮ್ಮ ದೇಶದಲ್ಲಿ, ಕರ್ನಾಟಕದಲ್ಲಿ ಯಾರಾದರೂ ಪೆಪ್ಟೈಡ್ ಕೆಲಸ ಮಾಡುತ್ತಿದ್ದಾರಾ?

ಮಾಡುತ್ತಿದ್ದಾರೆ. ಯಾವ ಪೆಪ್ಟೈಡು ಕ್ಯಾನ್ಸರ್ ಕೋಶವನ್ನು ಕೊಲ್ಲಬಹುದೆಂದು ಮಣಿಗಳ ಕ್ರಮ ನೋಡಿಯೇ ಅಂದಾಜಿಸುವ ಆಂಟಿಸಿಪಿ ಎಂಬ ಗಣಕ ಸಾಧನವನ್ನು ಚಂಡೀಗಢದ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆಯ ಜಿ.ಪಿ.ಎಸ್. ರಾಘವ ಅವರ ತಂಡ 2013ರಲ್ಲಿ ಹೊರತಂದಿತು. ಅದನ್ನು ಜಗತ್ತಿನ ಸಂಶೋಧಕರು ಬಳಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಾಗಸುಮಾ ಚಂದ್ರ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ವಿನ್ಯಾಸಗೊಳಿಸಿದ ಒಮೆಗಾ-76 ಎಂಬ ಪೆಪ್ಟೈಡು, ಹಲವು ಔಷಧಗಳಿಗೆ ಜಗ್ಗದ ಆಸ್ಪತ್ರೆ ಬ್ಯಾಕ್ಟೀರಿಯಾವೊಂದರಿಂದ ಇಲಿಗಳನ್ನು ಕಾಪಾಡಿತು. ಆ ವರದಿ 2019ರಲ್ಲಿ ಬಂತು. ಅದು ಕ್ಯಾನ್ಸರಿನ ಕೆಲಸವಲ್ಲದಿದ್ದರೂ ವಿನ್ಯಾಸದ ಕೌಶಲ ಒಂದೇ. ವಿಜ್ಞಾನ ಸಂಸ್ಥೆಯೂ, 1973ರಿಂದ ರೋಗಿಗಳನ್ನು ನೋಡುತ್ತಿರುವ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆಯೂ ಒಂದೇ ಊರಿನಲ್ಲಿರುವುದು ಈ ಕೆಲಸಕ್ಕೆ ಒದಗಿರುವ ಅನುಕೂಲ.

21. 'ಕ್ಯಾನ್ಸರ್ ಕೊಲ್ಲುವ ಪೆಪ್ಟೈಡ್ ಪತ್ತೆ' ಅಂತ ಸುದ್ದಿ ಬಂದರೆ ಏನು ನೋಡಬೇಕು?

ಮೊದಲು, ಪ್ರಯೋಗ ನಡೆದದ್ದು ಗಾಜಿನ ತಟ್ಟೆಯಲ್ಲೋ, ಪ್ರಾಣಿಯಲ್ಲೋ, ಮನುಷ್ಯನಲ್ಲೋ ಎಂದು ನೋಡಿ. ತಟ್ಟೆಯಲ್ಲಿ ಆಗಿದ್ದರೆ, ಅರ್ಧದಷ್ಟು ಕ್ಯಾನ್ಸರ್ ಕೋಶ ಸಾಯಲು ಬೇಕಾದ ಪ್ರಮಾಣವನ್ನೂ ಅರ್ಧದಷ್ಟು ಆರೋಗ್ಯವಂತ ಕೋಶ ಸಾಯಲು ಬೇಕಾದ ಪ್ರಮಾಣವನ್ನೂ ಪಕ್ಕಪಕ್ಕದಲ್ಲಿ ಹಿಡಿದು ನೋಡಬೇಕು. ಎರಡರ ನಡುವೆ ಹಲವು ಪಟ್ಟು ಅಂತರವಿಲ್ಲದಿದ್ದರೆ ಅದು ಔಷಧವಾಗುವುದು ಕಷ್ಟ. ಹೋಲಿಕೆಗೆ ಬಳಸಿದ ಆರೋಗ್ಯವಂತ ಕೋಶ ಬಾಯಿಯದೇ ಆಗಿತ್ತೇ, ಕೆಂಪು ರಕ್ತಕಣಗಳ ಮೇಲೆ ಪರೀಕ್ಷಿಸಿದ್ದಾರೆಯೇ, ಕೋಶಗಳನ್ನು ಬೆಳೆಸುವ ಪೋಷಕ ದ್ರಾವಣಕ್ಕೆ ರಕ್ತಸಾರ (ಸೀರಂ) ಬೆರೆಸಿದ್ದರೇ ಎಂಬುದೂ ಮುಖ್ಯ, ಏಕೆಂದರೆ ರಕ್ತಸಾರವಿಲ್ಲದ ದ್ರಾವಣದಲ್ಲಿ ವೀರಾವೇಶ ತೋರುವ ಪೆಪ್ಟೈಡು ರಕ್ತಸಾರ ಬೆರೆಸಿದೊಡನೆ ಮೆತ್ತಗಾಗುವುದು ಮಾಮೂಲು.

22. ಮುಂದೆ ಭಾರತದಲ್ಲಿ ಇಂಥ ಪ್ರಯೋಗ ಶುರುವಾದರೆ ನಮಗೆ ಹೇಗೆ ಗೊತ್ತಾಗುತ್ತೆ? ಸೇರಬಹುದಾ?

ನಮ್ಮಲ್ಲಿ ಮನುಷ್ಯರ ಮೇಲೆ ನಡೆಯುವ ಪ್ರತಿ ಔಷಧ ಪ್ರಯೋಗವನ್ನೂ ಭಾರತೀಯ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪಟ್ಟಿಯಲ್ಲಿ, ಅಂದರೆ ಸಿಟಿಆರ್‌ಐ ಜಾಲತಾಣದಲ್ಲಿ, 2009ರಿಂದ ಕಡ್ಡಾಯವಾಗಿ ದಾಖಲಿಸಬೇಕು. ಅಲ್ಲಿ ಕಾಯಿಲೆಯ ಹೆಸರಿನಿಂದ ಯಾರು ಬೇಕಾದರೂ ಹುಡುಕಬಹುದು. ಯಾವ ಊರಿನ ಯಾವ ಆಸ್ಪತ್ರೆ, ಎಂಥ ರೋಗಿಗಳು ಬೇಕು ಎಂಬ ವಿವರವಿರುತ್ತದೆ. ಸೇರುವುದಾದರೆ ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು. ಕನ್ನಡದ ಪತ್ರವನ್ನು ಕೇಳಿ ಪಡೆಯಿರಿ, ಅಲ್ಲೇ ಕೂತು ಸಹಿ ಹಾಕದೆ ಮನೆಗೆ ತನ್ನಿ, ಓದಲು ಬಲ್ಲವರೊಬ್ಬರಿಂದ ರೋಗಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿಸಿ. ಈ ಪ್ರಯೋಗಕ್ಕೆ ಸೇರದಿದ್ದರೆ ಸಿಗುವ ಚಿಕಿತ್ಸೆ ಯಾವುದು, ಸೇರಿದರೆ ಆ ಚಿಕಿತ್ಸೆ ತಪ್ಪುತ್ತದೆಯೇ ಅಥವಾ ಅದರ ಜೊತೆಗೇ ಇದೂ ನಡೆಯುತ್ತದೆಯೇ, ತೊಂದರೆಯಾದರೆ ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಎಂಬ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಉತ್ತರವನ್ನು ಅದೇ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.